ಬೆಟ್ಟದ ಭಾಷೆ

ಸೀರೆಯ ಮೇಲೆ ಹಳೆಯ ಶರ್ಟು, ಶರ್ಟಿನ ಒಳಗೆ ಹೊಟ್ಟೆಗೆ ಬಿಗಿದ ಬ್ಯಾಗು. ಅತ್ತಿಗೆ ಹಾಗೇ ಬಗ್ಗಿ ಟೊಮೆಟೊ ಕೀಳುತ್ತಿದ್ದಳು. ಬೆವರು ಧಾರಾಕಾರವಾಗಿ ಇಳಿದರೂ ಬ್ಯಾಗು ಬಿಚ್ಚುವ ಮಾತಿಲ್ಲ. ಸುತ್ತಲೂ ಬೆಟ್ಟದವರು.

"ಹುಷಾರು ಅತ್ತಿಗೆ," ಎಂದಿದ್ದ ಮೈದುನ. "ಆ ಜನ ನಗ್ತಾ ನಗ್ತಾನೇ ಜೇಬಿಗೆ ಕೈ ಹಾಕ್ತಾರೆ. ಮಾತಿಗೆ ಸಿಗಬೇಡಿ."

ಮಾತಿಗೆ ಸಿಗುವುದಾದರೂ ಹೇಗೆ? ಕೂಲಿಗೆಂದು ಇಬ್ಬರೂ ಒಟ್ಟಿಗೇ ಬಸ್ಸು ಹತ್ತಿದ್ದರು. ಏಜೆಂಟು ಮೈದುನನನ್ನು ಹೊಳೆಯಾಚೆಯ ತೋಟಕ್ಕೆ ಹಾಕಿ, ಇವಳನ್ನು ಇಲ್ಲಿ ತಂದು ಇಳಿಸಿದ್ದ. ಇವಳ ಮಾತು ತಿಳಿದ ಒಂದು ನರಪಿಳ್ಳೆಯೂ ಇಲ್ಲಿರಲಿಲ್ಲ. ಮೇಸ್ತ್ರಿಯಂತೂ ಎಲ್ಲವನ್ನೂ ಸಿಳ್ಳೆಯಲ್ಲೇ ಮುಗಿಸುತ್ತಿದ್ದ. ಊರಿನಲ್ಲಿ ಉಪ್ಪು ತರಲು ಹೋದರೆ ಅರ್ಧ ಬೀದಿಯನ್ನು ಮಾತಾಡಿಸಿಯೇ ಮನೆ ಸೇರುತ್ತಿದ್ದವಳು ಅತ್ತಿಗೆ. ಆ ಬಾಯಿಗೆ ಇಲ್ಲಿ ಬೀಗ. ಮೊದಲ ವಾರ ಮುಗಿಯುವುದರೊಳಗೆ ಅವಳು ಓರಗಿತ್ತಿಯ ಮೇಲಿನ ದೂರನ್ನು ಟೊಮೆಟೊ ಗಿಡಗಳಿಗೆ ಹೇಳತೊಡಗಿದ್ದಳು. ಗಿಡಗಳು ಹೂಂಗುಟ್ಟಲಿಲ್ಲ.

ಆಗ ಬಂದಳು ಗುಂಗುರು. ತಲೆಗೂದಲು ನೋಡಿ ಅತ್ತಿಗೆಯೇ ಇಟ್ಟ ಹೆಸರು. ಬೆಟ್ಟದವರ ಎರಡನೆಯ ಟ್ರಕ್ಕಿನ ತುದಿಯಲ್ಲಿ, ಯಾರೊಂದಿಗೂ ಮಾತಿಲ್ಲದೆ, ಕಾಲು ಇಳಿಬಿಟ್ಟು ಕೂತು ಬಂದಿದ್ದಳು. ಮೇಸ್ತ್ರಿ ಸಿಳ್ಳೆ ಹಾಕಿ ಅವಳನ್ನು ಅತ್ತಿಗೆಯ ಸಾಲಿನ ಆಚೆ ಬದಿಗೆ ನಿಲ್ಲಿಸಿದ. ಅತ್ತಿಗೆ ಬ್ಯಾಗನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು.

ಮಧ್ಯಾಹ್ನ ತುಂಬಿದ ಕ್ರೇಟು ಜಾರಿ ಗುಂಗುರುವಿನ ಕಾಲ ಮೇಲೆ ಬಿತ್ತು.

"ಗುಬುಕ್!" ಎಂದು ಚೀರಿದಳು.

ಅತ್ತಿಗೆಗೆ ತಡೆಯಲಾಗಲಿಲ್ಲ. ಸಾಲು ದಾಟಿ ಓಡಿದಳು. ಕ್ರೇಟು ಸರಿಸಿದಳು, ಕಾಲು ನೀವಿದಳು, ಚೆಲ್ಲಿದ ಟೊಮೆಟೊ ಒಂದನ್ನೆತ್ತಿ, "ಗುಬುಕ್?" ಎಂದಳು.

ಗುಂಗುರು ಅಳು ನಿಲ್ಲಿಸಿ ಕಣ್ಣರಳಿಸಿದಳು. ಟೊಮೆಟೊವನ್ನು ಬೆರಳಿನಿಂದ ಮುಟ್ಟಿದಳು. "ಗುಬುಕ್," ಎಂದು ಜೋರಾಗಿ ತಲೆಯಾಡಿಸಿದಳು.

ಅತ್ತಿಗೆಗೆ ಬೆಟ್ಟದ ಭಾಷೆಯ ಮೊದಲ ಮಾತು ಬಂದಿತ್ತು!

ಆಮೇಲೆ ಕೇಳಬೇಕೆ? ಅತ್ತಿಗೆ ಗಂಟಲು ತೋರಿಸಿ "ಗ್ಳಕ್" ಎಂದರೆ ಗುಂಗುರುವೂ "ಗ್ಳಕ್" ಎನ್ನುತ್ತ ನೀರಿನ ಬಾಟಲಿ ಚಾಚುತ್ತಿದ್ದಳು. ಪರವಾಗಿಲ್ಲ, ಬಲು ಸುಲಭದ ಭಾಷೆ. ಮೇಸ್ತ್ರಿ ಎಂದರೆ "ಸುಯ್ಪ". ಬಿಸಿಲು ಎಂದರೆ "ಉಸ್ಸಪ". ಮುಗಿಯಿತು ಎನ್ನಲು "ನೀಮಿ". ಅತ್ತಿಗೆ ಏನಾದರೂ ತಪ್ಪು ಉಚ್ಚರಿಸಿದರೆ ಗುಂಗುರು ತಿದ್ದುತ್ತಿರಲಿಲ್ಲ. ಮಾರನೆಯ ದಿನ ತಾನೂ ಹಾಗೇ ಹೇಳುತ್ತಿದ್ದಳು. ಎಂಥ ದೊಡ್ಡ ಮನಸ್ಸು!

ಓರಗಿತ್ತಿಯ ದೂರಿಗೂ ಕೊನೆಗೆ ಕಿವಿ ಸಿಕ್ಕಿತು. ಪ್ರತಿಯಾಗಿ ಗುಂಗುರು ತನ್ನ ಅತ್ತೆ ನಡೆಯುವ ಠೀವಿಯನ್ನು ಸಾಲಿನ ನಡುವೆ ನಡೆದು ತೋರಿಸಿದಳು. ಇಬ್ಬರೂ ಹೊಟ್ಟೆ ಹಿಡಿದು ನಗುವಾಗ ಬ್ಯಾಗು ಅಡ್ಡ ಬಂತು. ಅತ್ತಿಗೆ ಅದನ್ನು ಬಿಚ್ಚಿ ಶೆಡ್ಡಿನ ಮೊಳೆಗೆ ನೇತುಹಾಕಿದಳು.

ಉಳಿದ ಬೆಟ್ಟದವರು ಮಾತ್ರ ಬಿಗುಮಾನ ಬಿಡಲಿಲ್ಲ. ಇವರಿಬ್ಬರ ಮಾತು ಶುರುವಾದರೆ ಮೆಲ್ಲಗೆ ಪಕ್ಕದ ಸಾಲಿಗೆ ಸರಿದುಬಿಡುತ್ತಿದ್ದರು. ಊಟಕ್ಕೂ ದೂರವೇ. ನನ್ನ ಜೊತೆ ಸೇರಿದ ತಪ್ಪಿಗೆ ಪಾಪ, ತಮ್ಮವಳನ್ನೇ ಹೊರಗಿಟ್ಟಿದ್ದಾರಲ್ಲ ಎಂದು ಅತ್ತಿಗೆಯ ಕರುಳು ಚುರುಕ್ ಎನ್ನುತ್ತಿತ್ತು. ಇದನ್ನು ಸರಿಮಾಡದೆ ಊರಿಗೆ ಹೋಗಬಾರದು.

ಕೊಯ್ಲು ಮುಗಿದ ಭಾನುವಾರ ತೋಟದಲ್ಲೇ ಎಲ್ಲರಿಗೂ ಊಟ. ಹೊಳೆಯಾಚೆಯಿಂದ ಲಾರಿಯಲ್ಲಿ ಮೈದುನ ಬಂದಿಳಿದ.

"ಅವರ ಜೊತೆ ಕೂರಬೇಡಿ ಅತ್ತಿಗೆ."

"ಕೂರೋದೇನು ಬಂತು? ಅವರ ಭಾಷೇಲೇ ಭಾಷಣ ಮಾಡ್ತೀನಿ, ನೋಡ್ತಿರು."

ಅತ್ತಿಗೆ ಸೆರಗು ಸಿಕ್ಕಿಸಿ, ಮಗುಚಿದ ಕ್ರೇಟಿನ ಮೇಲೆ ಹತ್ತಿ ನಿಂತಳು. ಬೆಟ್ಟದವರ ಕಡೆ ತಿರುಗಿದಳು.

"ಗುಬುಕ್ ನೀಮಿ! ಉಸ್ಸಪ ನೀಮಿ! ಸುಯ್ಪ ನೀಮಿ!"

ಅಲ್ಲಿಂದ ಮಾತು ಹೊಳೆಯಂತೆ ಹರಿಯಿತು. ನಿಮ್ಮನ್ನು ಕಳ್ಳರೆಂದುಕೊಂಡಿದ್ದೆ, ಕ್ಷಮಿಸಿ ಎಂದಳು. ನನ್ನ ಮೇಲಿನ ಸಿಟ್ಟನ್ನು ನಿಮ್ಮ ಹುಡುಗಿಯ ಮೇಲೆ ತೀರಿಸಬೇಡಿ ಎಂದಳು. ಇವಳಿಲ್ಲದಿದ್ದರೆ ಎಂದೋ ಊರಿಗೆ ಓಡಿಹೋಗುತ್ತಿದ್ದೆ ಎನ್ನುತ್ತ ಗುಂಗುರುವಿನ ಕಡೆ ಕೈ ಚಾಚಿದಳು. ಗುಂಗುರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು.

ಅವಳೊಬ್ಬಳೇ ತಟ್ಟಿದಳು. ಉಳಿದವರು ಮಿಕಿಮಿಕಿ ನೋಡಿದರು.

ಬೆಟ್ಟದ ಮುದುಕಿಯೊಬ್ಬಳು ಲಾರಿ ಡ್ರೈವರನ ಕಿವಿಯಲ್ಲಿ ಏನೋ ಕೇಳಿದಳು. ನಾಲ್ಕಾರು ಸೀಮೆ ಸುತ್ತಿ ಎಲ್ಲರ ಮಾತೂ ಕಲಿತ ಮನುಷ್ಯ ಅವನು, ಈ ತೋಟಕ್ಕೆ ಬಂದದ್ದು ಅಂದೇ ಮೊದಲು. ಅವನು ತಲೆ ಕೆರೆದುಕೊಂಡ.

"ಅಕ್ಕಾ, ನೀವು ಹೇಳಿದ್ದೇನು ಅಂತ ಅಜ್ಜಿ ಕೇಳ್ತಿದ್ದಾರೆ. ನೀವಿಬ್ರೂ ಒಂದೇ ಊರಿನವರಂತೆ. ನಿಮ್ಮ ಭಾಷೇಲಿ ನಿಮ್ಮಷ್ಟಕ್ಕೆ ನಗ್ತಾ ಇರ್ತಿದ್ರಂತೆ. ನಾವು ನಡುವೆ ಬಂದ್ರೆ ಚೆನ್ನಾಗಿರಲ್ಲ ಅಂತ ಇವರೇ ದೂರ ಇದ್ರಂತೆ."

"ನಮ್ಮ ಭಾಷೆನಾ? ಇದು ಬೆಟ್ಟದ ಭಾಷೆ ಅಲ್ವಾ?"

"ಅದರಲ್ಲಿ ಒಂದಕ್ಷರಾನೂ ಬೆಟ್ಟದ್ದಲ್ಲ."

ಅತ್ತಿಗೆಯ ಕಿವಿಯವರೆಗೂ ರಕ್ತ ಏರಿತು. ಕ್ರೇಟಿನಿಂದ ಧುಮುಕಿ ಗುಂಗುರುವಿನ ಎದುರು ನಿಂತಳು. "ನನ್ನನ್ನ ಮಂಗ ಮಾಡಿದ್ಯೇನೇ?"

ಗುಂಗುರು ಪಿಳಿಪಿಳಿ ನೋಡಿದಳು. ಡ್ರೈವರ್ ಅವಳನ್ನು ಬೆಟ್ಟದ ಮಾತಿನಲ್ಲಿ ಕೇಳಿದ. ಉಹೂಂ. ಇನ್ನೊಂದು ಭಾಷೆ ಪ್ರಯತ್ನಿಸಿದ. ಅದೂ ಇಲ್ಲ. ಮೂರನೆಯದಕ್ಕೆ ಅವಳ ಮುಖ ದೀಪದಂತೆ ಬೆಳಗಿತು. ತಡೆಹಿಡಿದಿದ್ದ ಮಾತೆಲ್ಲ ಒಂದೇ ಉಸಿರಿಗೆ ಸುರಿಯಿತು. ಕೇಳುತ್ತ ಕೇಳುತ್ತ ಡ್ರೈವರ್ ನಗು ತಡೆಯಲಾರದೆ ನೆಲಕ್ಕೆ ಕುಸಿದ.

"ಏನಂತೆ? ಬೇಗ ಹೇಳಪ್ಪ!"

"ಭಾಷೆ ನಿಮ್ಮದೇ ಅಂತೆ ಅಕ್ಕಾ! ಪಾಪ, ಒಂಟಿ ಹೆಂಗಸು, ಮಾತಿಗೆ ಒಬ್ಬರೂ ಇಲ್ಲ ಅಂತ ಅವಳೇ ಕಷ್ಟಪಟ್ಟು ನಿಮ್ಮ ಹತ್ರ ಕಲಿತಳಂತೆ!"