ಹದಿನೇಳನೇ ಮಂಚದ ಬಟ್ಟೆ

ಮೂಲೆಗೆ ತಿರುಗಿ ನಿಂತು ಅವಳು ಬೆಡ್‌ಶೀಟನ್ನು ಮೂಗಿಗೆ ಒತ್ತಿಕೊಂಡಳು. ಅಂಚಿನಲ್ಲಿ ಕಪ್ಪು ಮುದ್ರೆ: ಗಂಡಸರ ವಾರ್ಡು, ಹದಿನೇಳು.

"ಏನೇ, ಗಂಡನ ಬೆವರಿಗೆ ಅತ್ತರಿನ ವಾಸನೆಯೇನೇ?" ಇಸ್ತ್ರಿ ಅಕ್ಕ ಕೂಗಿದಳು.

"ಗಂಡ ಅಲ್ಲಕ್ಕ."

"ಗಂಡ ಆಗೋ ಮೊದಲೇ ಇಷ್ಟಾ! ಆದಮೇಲೆ ಅವನ ಬನೀನು ಒಗೀತಾ ನನ್ನ ನೆನಪು ಮಾಡ್ಕೋ."

ಆಸ್ಪತ್ರೆಯ ನೆಲಮಾಳಿಗೆ. ವಾರ್ಡುಗಳ ಕೊಳೆಬಟ್ಟೆ ಗೋಡೆಯೊಳಗಿನ ತಗಡಿನ ಕೊಳವೆಯಲ್ಲಿ ಜಾರಿ ದೊಪ್ಪನೆ ಬೀಳುತ್ತದೆ. ಬದುಕಿರುವವರದು ಬಿಳಿ ಚೀಲದಲ್ಲಿ, ಸತ್ತವರದು ಕೆಂಪು ಚೀಲದಲ್ಲಿ. ಒಗೆಯುವವರು ವಾರ್ಡಿಗೆ ಹೋಗುವಂತಿಲ್ಲ. ಕೊಳೆ ಕೆಳಗಿಳಿಯಬಹುದು, ಕೈ ಮೇಲೇರಬಾರದು.

ಅವನು ಇಳಿದದ್ದು ಇನ್ನೂ ಕೆಳಗೆ. ಆಸ್ಪತ್ರೆಯ ಹಿಂದಿನ ಮಲದ ಗುಂಡಿಗೆ, ಬರಿ ಮೈಯಲ್ಲಿ. ಹಗ್ಗ ಹಾಕಿ ಎಳೆದಾಗ ಉಸಿರಿತ್ತು, ಪ್ರಜ್ಞೆ ಇರಲಿಲ್ಲ.

"ಮೂರೇ ದಿನದಲ್ಲಿ ಎದ್ದು ಬರ್ತಾನೆ ಕಣಮ್ಮ," ಎಂದಿದ್ದ ಅವನನ್ನು ಗುಂಡಿಗೆ ಇಳಿಸಿದ ಮೇಸ್ತ್ರಿ. "ಹದಿನೇಳನೇ ಮಂಚ. ನಾನೇ ಕೈಯಾರೆ ಹತ್ತಿಸಿ ಬಂದೆ. ರಾಜನ ಹಾಗೆ ಮಲಗಿದಾನೆ."

ನೋಡಲು ಹೋದರೆ ವಾರ್ಡಿನ ಕಾವಲುಗಾರ ಅಡ್ಡ ಬಂದ. "ರೋಗಿಗೆ ನೀನು ಏನಾಗಬೇಕು?"

ಎರಡು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳಿಗೆ ಏನು ಹೆಸರು? ನೆಲಮಾಳಿಗೆಗೆ ಇಳಿದು ಬಂದಳು.

ಆಮೇಲೆ ಉಳಿದದ್ದು ಈ ಬಟ್ಟೆ ಒಂದೇ. ದಿನಾ ಬೆಳಿಗ್ಗೆ ಬಿಳಿ ಚೀಲಗಳನ್ನು ಕೆದಕಿ ಹದಿನೇಳನ್ನು ಹುಡುಕುವಳು. ಯಂತ್ರಕ್ಕೆ ಹಾಕದೆ ಎಲ್ಲಕ್ಕಿಂತ ಕಡೆಗೆ ಕೈಯಾರೆ ಒಗೆಯುವಳು. ಅಷ್ಟು ಹೊತ್ತು ಅವನು ಅವಳ ಜೊತೆಗಿರುತ್ತಿದ್ದ.

ಮೊದಲ ದಿನ ಬಟ್ಟೆ ನೋವಿನ ಮುಲಾಮು ನಾರುತ್ತಿತ್ತು. ಯಾರೋ ಪುಣ್ಯಾತ್ಮರು ಅವನ ಬೆನ್ನು ತಿಕ್ಕಿದ್ದಾರೆ ಎಂದುಕೊಂಡಳು. ಅದರೊಳಗೆ ಅವನ ಬೆವರನ್ನು ಹುಡುಕಿದಳು. ಹುಡುಕಿದವರಿಗೆ ಸಿಗದೇ ಇರುತ್ತದೆಯೇ? ಸಿಕ್ಕಿತು.

ಎರಡನೆಯ ದಿನ ಬಿಸ್ಕತ್ತಿನ ಪುಡಿ. ತಿನ್ನುತ್ತಿದ್ದಾನೆ! ಅವತ್ತು ಅವಳೂ ಹೊಟ್ಟೆ ತುಂಬ ಉಂಡಳು.

ಮೂರನೆಯ ದಿನ ಒಂದು ಕೂದಲು ಸಿಕ್ಕಿತು. ಬೆಳ್ಳಗಿತ್ತು.

"ಅಕ್ಕ, ಮೂವತ್ತು ತುಂಬದವನಿಗೆ ಮೂರು ದಿನದಲ್ಲಿ ಕೂದಲು ನರೆಯುತ್ತಾ?"

ಇಸ್ತ್ರಿ ಅಕ್ಕ ಈ ಸಲ ನಗಲಿಲ್ಲ. "ಆ ಗುಂಡಿಯ ಗಾಳಿ ಏನು ಬೇಕಾದರೂ ಮಾಡುತ್ತೆ ಕಣೇ." ಬಟ್ಟೆಯ ನಡುವೆ ರಕ್ತದ ಕಲೆಯೂ ಇತ್ತು. ಅಂಗೈಯಗಲ. ಅವಳು ಅದನ್ನು ಉಜ್ಜಿದಳು, ಬೆರಳು ಸುಲಿಯುವವರೆಗೆ.

ನಾಲ್ಕನೆಯ ಬೆಳಿಗ್ಗೆ ಬಿಳಿ ಚೀಲಗಳಲ್ಲಿ ಹದಿನಾರಿತ್ತು, ಹದಿನೆಂಟಿತ್ತು.

ಕೊಳವೆ ಮತ್ತೆ ಸದ್ದು ಮಾಡಿತು. ಒಂದು ಚೀಲ ಬಿತ್ತು. ಕೆಂಪು.

"ಮುಟ್ಟಬೇಡ, ನಾನು ಬಿಚ್ತೀನಿ," ಎಂದು ಅಕ್ಕ ಓಡಿ ಬಂದಳು. ಅಷ್ಟರಲ್ಲಿ ಅವಳು ಬಿಚ್ಚಿಯಾಗಿತ್ತು. ಹದಿನೇಳರ ಕಪ್ಪು ಮುದ್ರೆ ಮೇಲೆಯೇ ಇತ್ತು.

ಮೆಟ್ಟಿಲುಗಳನ್ನು ಅವಳು ಹತ್ತಿದ್ದು ಕೈಯಿಂದಲೋ ಕಾಲಿಂದಲೋ. ಕಾವಲುಗಾರ ತೋಳು ಚಾಚಿದ. ಅವಳ ಒದ್ದೆ ಕೈ ಅವನ ಎದೆಗೆ ಬಿದ್ದ ರಭಸಕ್ಕೆ ಗೋಡೆಗೆ ಒರಗಿದ.

ಹದಿನೇಳನೇ ಮಂಚ ಖಾಲಿ. ಹಾಸಿಗೆಯನ್ನು ಮಡಚಿಟ್ಟಿದ್ದರು. ಕಬ್ಬಿಣದ ಮೇಲೆ ಔಷಧದ ನೀರು ಇನ್ನೂ ಆರಿರಲಿಲ್ಲ.

"ಹದಿನೇಳಾ?" ನರ್ಸು ತಲೆ ಎತ್ತದೆ ಬರೆಯುತ್ತ ಹೇಳಿದಳು. "ಬೆಳಗಿನ ಜಾವ ಹೋಗಿಬಿಟ್ರು, ಪಾಪ. ಕೊನೇವರೆಗೂ ಎಲ್ಲರೂ ಚೆನ್ನಾಗಿ ನೋಡ್ಕೊಂಡ್ವಿ."

ಹೋಗಿಬಿಟ್ರು. ಬದುಕಿದ್ದಾಗ 'ಏ, ಬಾರೋ, ಇಳಿಯೋ' ಎಂದು ಕರೆಸಿಕೊಂಡವನು. ಸತ್ತ ಮೇಲಾದರೂ ಮರ್ಯಾದೆ ಸಿಕ್ಕಿತಲ್ಲ!

ಅವಳು ಗೋಡೆ ಹಿಡಿದು ಹೊರಗೆ ಬಂದಳು. ಓಣಿಯುದ್ದಕ್ಕೂ ನೆಲದ ಮೇಲೆ ಜನ ಮಲಗಿದ್ದರು, ಒಬ್ಬರ ತಲೆಗೆ ಇನ್ನೊಬ್ಬರ ಕಾಲು. ಅವರನ್ನು ಒಬ್ಬೊಬ್ಬರಾಗಿ ದಾಟತೊಡಗಿದಳು. ಒಂದು ಕೈ ಅವಳ ಪಾದವನ್ನು ಹಿಡಿಯಿತು. ಬಿಡಿಸಿಕೊಳ್ಳಲು ಬಗ್ಗಿದಳು.

"ದೊಡ್ಡ ಡಾಕ್ಟರ ಮಾವನಿಗೆ ಮಂಚ ಬೇಕು ಅಂತ ಬಂದ ಗಂಟೇಲೇ ನನ್ನನ್ನ ಇಳಿಸಿದ್ರು ಕಣೇ," ಎಂದ ಅವನು, ಕೆಮ್ಮುತ್ತ. "ಅವತ್ತಿಂದ ಈ ರಟ್ಟಿನ ಮೇಲೇ ಇದೀನಿ. ಒಂದು ಬೆಡ್‌ಶೀಟು ಕೂಡ ಕೊಟ್ಟಿಲ್ಲ."