ಮಾರ್ನಿಯ ಎದುರಿನ ಚಿಕ್ಕ ಪರದೆ

ಮೇಲೆ ಬಿದ್ದಿದ್ದ ಆಟಗಾರರೆಲ್ಲ ಒಬ್ಬೊಬ್ಬರಾಗಿ ಎದ್ದರೂ ಡೆರಿಕ್ ಹುಸ್ಕಾ ಏಳಲಿಲ್ಲ. ಹೈಸ್ಕೂಲ್ ಮಕ್ಕಳೇ ಊರಿನ ಟಿವಿಗೆ ಅಮೆರಿಕನ್ ಫುಟ್‌ಬಾಲ್ ಪಂದ್ಯ ಪ್ರಸಾರ ಮಾಡುತ್ತಿದ್ದ ವ್ಯಾನಿನೊಳಗೆ ಮಾರ್ನಿ ತಕ್ಷಣ ಗುಂಡಿ ಒತ್ತಿದಳು. ನೆಬ್ರಾಸ್ಕಾದ ಆ ಪುಟ್ಟ ಊರಿನ ಮನೆಮನೆಯ ಟಿವಿಯಲ್ಲೂ ಆಟದ ಬದಲು ಮೈದಾನದಂಚಿನ ಬಾವುಟದ ಚಿತ್ರ ಬಂತು. ಗಾಯಗೊಂಡವರನ್ನು ತೋರಿಸಬಾರದೆಂದು ಮೇಷ್ಟ್ರು ಕಟ್ಟಪ್ಪಣೆ ಮಾಡಿದ್ದರು. ಡೆರಿಕ್ ಈಗ ಅವಳ ಎದುರಿನ ಚಿಕ್ಕ ಪರದೆಯಲ್ಲಿ ಮಾತ್ರ ಇದ್ದ.

ಅವಳ ಫೋನು ರಿಂಗಾಯಿತು. "ನಾನು ಡೆರಿಕ್ ಅಮ್ಮ. ವೃದ್ಧಾಶ್ರಮದಲ್ಲಿ ಡ್ಯೂಟಿ ಮೇಲಿದೀನಿ, ಇಲ್ಲೇ ಟಿವಿ ನೋಡ್ತಿದ್ದೆ. ಬಾವುಟ ಯಾಕೆ ತೋರಿಸ್ತೀಯೇ? ನನ್ನ ಮಗನ್ನ ತೋರ್ಸು."

"ತೋರಿಸೋ ಹಾಗಿಲ್ಲ, ಮಿಸೆಸ್ ಹುಸ್ಕಾ."

"ನಿನಗೆ ಕಾಣ್ತಿದಾನಲ್ಲ? ಕೈ ಆಡಿಸ್ತಿದಾನಾ? ಅಷ್ಟು ಹೇಳಮ್ಮ ಸಾಕು."

ಮೈದಾನದಲ್ಲಿ ಕ್ಯಾಮೆರಾ ಹಿಡಿದಿದ್ದ ವೇಡ್ ಅಳುತ್ತಿದ್ದುದು ಅವಳ ಹೆಡ್‌ಫೋನಿನಲ್ಲಿ ಕೇಳಿಸಿತು. "ನನ್ನ ಕೈಲಿ ನೋಡಕ್ಕಾಗಲ್ಲ ಮಾರ್ನಿ. ಆ ಕಡೆ ತಿರುಗಿಸಿಬಿಡ್ತೀನಿ."

"ತಿರುಗಿಸಿದ್ರೆ ನೋಡು! ಅವನ ಕೈಯನ್ನ ಹತ್ತಿರದಿಂದ ತೋರ್ಸು."

ಪರದೆಯ ತುಂಬ ಆ ಕೈ ಬಂತು. ಮಣಿಕಟ್ಟಿಗೆ ಸುತ್ತಿದ ಬಿಳಿ ಪಟ್ಟಿಯ ಮೇಲೆ ಹುಲ್ಲು ಮೆತ್ತಿಕೊಂಡಿತ್ತು. ಅವನ ಪಕ್ಕ ಮಂಡಿಯೂರಿದ್ದ ಡಾಕ್ಟರು ಹೆಬ್ಬೆರಳ ಉಗುರನ್ನು ಒತ್ತಿ ನೋಡಿದರು, ಮತ್ತೆ ಒತ್ತಿದರು. ಬೆರಳು ಅಲುಗಲಿಲ್ಲ. ಹೂಂ ಎಂದುಬಿಡೋಣ ಎಂದು ಮಾರ್ನಿ ಬಾಯಿ ತೆರೆದಳು.

"ಇನ್ನೂ ಇಲ್ಲ," ಎಂದಳು.

ಫೋನಿನ ಆಚೆ ಓಡುವ ಹೆಜ್ಜೆಯ ಸದ್ದು, ಕಾರಿನ ಬಾಗಿಲು ಬಡಿದ ಸದ್ದು.

"ಫೋನ್ ಇಡಬೇಡ," ಎಂದಳು ಆ ತಾಯಿ. "ನಾನು ಬರೋವರೆಗೂ ಅವನ ಮೇಲಿಂದ ಕಣ್ಣು ತೆಗೀಬೇಡ."