ಬಲಗೈ ಕಲೆಸಿದ ಸಿಹಿ

ಮೊದಲನೆಯ ಮೊಟ್ಟೆ ಬಟ್ಟಲಿಗೆ ಬೀಳದೆ ಕಟ್ಟೆಯ ಮೇಲೆ ಬಿತ್ತು. ಎರಡನೆಯದು ಬಟ್ಟಲಿಗೇ ಬಿತ್ತು, ಅರ್ಧ ಸಿಪ್ಪೆಯ ಸಮೇತ. ಕ್ಷೌರಿಕ ತನ್ನ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ದುರುಗುಟ್ಟಿ ನೋಡಿದ. ಪಾರ್ಶ್ವವಾಯು ಹೊಡೆದು ನಾಲ್ಕು ತಿಂಗಳಾಗಿತ್ತು. ಕಾಲು ಸರಿಹೋಗಿತ್ತು, ಮಾತು ಸರಿಹೋಗಿತ್ತು. ಇಪ್ಪತ್ತೆಂಟು ವರ್ಷ ಊರವರ ಗಡ್ಡ ಹೆರೆದ ಕೈ ಮಾತ್ರ ಇನ್ನೂ ಮನಸ್ಸು ಬಂದಾಗಷ್ಟೇ ಹೇಳಿದ ಮಾತು ಕೇಳುತ್ತಿತ್ತು.

"ಕೊಡಿ ಇಲ್ಲಿ, ನಾನು ಮಾಡ್ತೀನಿ," ಎನ್ನುತ್ತ ಹೆಂಡತಿ ಕಟ್ಟೆ ಒರೆಸಿದಳು.

"ಅಡುಗೆಯೆಲ್ಲ ನೀನೇ ಮಾಡಿದ್ದೀಯಲ್ಲ. ಇದೊಂದು ನಂದು. ನಾನೇ ಮಾಡ್ದೆ ಅಂತ ನಿನ್ನ ತಮ್ಮನಿಗೆ ಗೊತ್ತಾಗ್ಬೇಕು."

ಅಂದು ಊಟಕ್ಕೆ ಬರುವವರು ಅವಳ ತಮ್ಮ ಮತ್ತು ಅವನ ಹೆಂಡತಿ. ತಮ್ಮನೆಂದರೆ ಕ್ಷೌರದ ಅಂಗಡಿಯ ಪಾಲುದಾರನೂ ಹೌದು. ಕತ್ತರಿ ಹಿಡಿಯಲು ಕಲಿತದ್ದೇ ಭಾವನ ಹತ್ತಿರ. ಎರಡೇ ಕುರ್ಚಿಯ ಅಂಗಡಿ. ನಾಲ್ಕು ತಿಂಗಳಿಂದ ಒಂದು ಖಾಲಿ. ಆ ಕುರ್ಚಿಗೆ ಬರುತ್ತೇನೆಂದು ಪಕ್ಕದ ಬೀದಿಯ ಕೆಲಸಗಾರನೊಬ್ಬ ಎರಡು ಸಲ ಕೇಳಿ ಹೋಗಿದ್ದನಂತೆ. ಆ ವಿಷಯ ಮಾತಾಡುವುದಕ್ಕೇ ತಮ್ಮ ಬರುತ್ತಿದ್ದಾನೆ ಎನ್ನುವುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಈ ಸಿಹಿಯನ್ನು ಹೇಳಿಕೊಟ್ಟವನು ಒಬ್ಬ ಬೇಕರಿಯವನು, ಹಿಂದೊಮ್ಮೆ ಗಡ್ಡಕ್ಕೆ ಕೂತಾಗ. ಚಾಕಲೇಟು, ಬೆಣ್ಣೆ, ಮೊಟ್ಟೆ, ಸಕ್ಕರೆ, ಎರಡು ಚಮಚ ಮೈದಾ. ಓವನ್ನಿನಲ್ಲಿ ಹನ್ನೆರಡೇ ನಿಮಿಷ. "ಮೇಲೆ ಕೇಕು, ಒಳಗೆ ಹಸಿ ಹಸಿ. ಚಮಚ ಹಾಕಿದ್ರೆ ಹರಿದು ಬರ್ಬೇಕು. ಮಕ್ಕಳೂ ಮಾಡ್ತಾರೆ ಬಿಡಿ," ಎಂದಿದ್ದ.

ಕುದಿಯುವ ನೀರಿನ ಮೇಲೆ ಪಾತ್ರೆಯಿಟ್ಟು ಚಾಕಲೇಟು, ಬೆಣ್ಣೆ ಕರಗಿಸುವ ಕೆಲಸ ಎಡಗೈಯಲ್ಲೇ ಮುಗಿಯಿತು. ಮೊಟ್ಟೆ ಸಕ್ಕರೆ ಕಡೆಯುವಾಗ ಅವನು ಹಟ ಹಿಡಿದು ಬಲಗೈಗೆ ಬಂದ. ಬಟ್ಟಲು ಕಟ್ಟೆಯ ತುಂಬ ಬುಗುರಿಯಂತೆ ಸುತ್ತತೊಡಗಿತು. ಹೊಟ್ಟೆಗೆ ಒತ್ತಿ ಹಿಡಿದರೆ ಅಂಗಿಗೇ ಅರ್ಧ ಬಡಿಸಿದಂತಾಯಿತು. ಮೂರನೆಯ ಸಲ ಅದು ಅಂಚಿಗೆ ಜಾರಿದಾಗ ಎಲ್ಲಿಂದಲೋ ಹೆಂಡತಿಯ ಎರಡು ಕೈ ಬಂದು ಗಟ್ಟಿಯಾಗಿ ಹಿಡಿದುಕೊಂಡವು.

"ಹಿಡ್ಕೊಂಡಿರ್ತೀನಿ ಅಷ್ಟೆ. ತಿರುಗಿಸೋರು ನೀವೇ."

ಅವನು ತಿರುಗಿಸಿದ. ನಿಲ್ಲಿಸಿದ. ಮತ್ತೆ ತಿರುಗಿಸಿದ. ಕಾಲು ಗಂಟೆಯಲ್ಲಿ ಮೊಟ್ಟೆ ನೊರೆಯೆದ್ದಿತು. ಕೊನೆಗೆ ಅವನು, "ನಿನ್ನ ತಮ್ಮನ ಮುಂದೆ ಇದನ್ನ ಹೇಳ್ಬೇಡ," ಎಂದ.

"ನಾನ್ಯಾಕೆ ಹೇಳ್ಲಿ," ಎಂದಳು ಅವಳು, ಬಟ್ಟಲು ಬಿಡದೆ.

ಊಟವಾದ ಮೇಲೆ ಅವನು ಓವನ್ನಿನಿಂದ ಆಗಷ್ಟೇ ತೆಗೆದ ಪುಟ್ಟ ಬಟ್ಟಲುಗಳನ್ನು ಒಂದೊಂದಾಗಿ, ನಾಲ್ಕು ಸಲ ಓಡಾಡಿ ತಂದಿಟ್ಟ. ತಮ್ಮ ಚಮಚ ಹಾಕಿದ. ಮೇಲಿನ ಪದರ ಬಿರಿದು ಒಳಗಿನಿಂದ ಬಿಸಿ ಚಾಕಲೇಟು ನಿಧಾನವಾಗಿ ಹರಿದು ಬಂತು.

"ಅಣ್ಣ, ನಿಜವಾಗ್ಲೂ ನೀವೇ ಮಾಡಿದ್ದಾ?" ತಮ್ಮನ ಹೆಂಡತಿ ಕಣ್ಣರಳಿಸಿದಳು. "ನಮ್ಮನೇಲಿ ಇವರು ನೀರು ಕಾಯ್ಸಿದ್ರೂ ತಳ ಹಿಡಿಯುತ್ತೆ!"

ತಮ್ಮ ನಗುತ್ತಲೇ ಬಟ್ಟಲನ್ನು ಕೆರೆದು ಕೆರೆದು ಖಾಲಿ ಮಾಡಿದ. ದೊಡ್ಡ ಹೊರೆ ಇಳಿದವನಂತಿತ್ತು ಅವನ ಮುಖ. "ಹಾಗಾದ್ರೆ ಕೈ ಬಂತು ಅನ್ನಿ, ಭಾವ! ಬೇರೆ ಮಾತೇ ಬೇಡ. ಕುರ್ಚಿ ಖಾಲಿ ಇಲ್ಲ ಅಂತ ಆ ಪಕ್ಕದ ಬೀದಿಯವನಿಗೆ ಹೇಳಿಬಿಡ್ತೀನಿ. ಸೋಮವಾರ ಬಂದುಬಿಡಿ."

ವಾರದಿಂದ ಅವನು ಕೇಳಬೇಕೆಂದು ಕಾದಿದ್ದ ಮಾತು ಅದೇ. ಹೆಂಡತಿ ತಲೆ ತಗ್ಗಿಸಿ ತನ್ನ ಬಟ್ಟಲನ್ನೇ ನೋಡುತ್ತಿದ್ದಳು. ಅವನು ಮಡಿಲಲ್ಲಿದ್ದ ಬಲಗೈಯನ್ನು ಎತ್ತಿ ಮೇಜಿನ ಮೇಲಿಟ್ಟ. ಸಂಜೆಯ ದುಡಿತಕ್ಕೆ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಬಟ್ಟಲು ನಿಮ್ಮಕ್ಕ ಹಿಡ್ಕೊಂಡಿದ್ಲು ಕಣೋ," ಎಂದ. "ಚಾಕಲೇಟು ಚೆಲ್ಲಿದ್ರೆ ಒರೆಸ್ಬಹುದು. ಅಂಗಡೀಲಿ ಜನ ಕಣ್ಣು ಮುಚ್ಕೊಂಡು ಕತ್ತು ಕೊಟ್ಟು ಕೂತಿರ್ತಾರೆ. ಅವನಿಗೇ ಬಾ ಅನ್ನು."

ತಮ್ಮ ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದ.

"ನಾನು ಮೊದಲನೇ ಸಲ ಕತ್ತಿ ಹಿಡಿದಾಗ ನನ್ನ ಕೈ ಇದಕ್ಕಿಂತ ಜೋರಾಗಿ ನಡುಗ್ತಿತ್ತು, ಭಾವ. ಅವತ್ತು ಯಾರ ಕೆನ್ನೆ ಕೊಟ್ರಿ ನಂಗೆ?"

ಕ್ಷೌರಿಕನ ಎಡಗೈ ತಾನಾಗಿಯೇ ಗಲ್ಲದ ಕೆಳಗೆ ಹೋಯಿತು. ಅಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಹಳೆಯ ಗೀರೊಂದಿತ್ತು.

"ಅವನಿಗೆ ಇನ್ನೊಂದು ತಿಂಗಳು ತಡಿ ಅಂತೀನಿ. ನೀವು ದಿನಾ ಬೆಳಿಗ್ಗೆ, ಅಂಗಡಿ ತೆಗೆಯೋಕೆ ಅರ್ಧ ಗಂಟೆ ಮುಂಚೆ ಬನ್ನಿ," ಎಂದ ತಮ್ಮ. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ ಕತ್ತು ಮೇಲೆತ್ತಿದ.